ಭುಜದ ಮೇಲಿನ ನಕ್ಷತ್ರ ನಿಜವೇ? ಹಿರಿಯ ಸೇನಾಧಿಕಾರಿಗಳ ಎ-2 ವಿಮಾನ ಜಾಕೆಟ್ ಪರೀಕ್ಷಿಸಿ, ಕೊಂಡು, ಕಾಪಾಡುವ ಸಮಗ್ರ ಮಾರ್ಗದರ್ಶಿ

ಎರಡನೇ ಮಹಾಯುದ್ಧದ ಕಾಲದ ಎ-2 ಚರ್ಮದ ಜಾಕೆಟ್ಟೊಂದರ ಭುಜದ ಮೇಲೆ ಜನರಲ್ ದರ್ಜೆಯ ನಕ್ಷತ್ರ ಕೂತರೆ ಅದರ ಬೆಲೆ ಹಲವು ಪಟ್ಟು ಜಿಗಿಯುತ್ತದೆ. ನಕ್ಷತ್ರವೋ, ಅಮೆರಿಕದ ಹಳೇ ಮಿಲಿಟರಿ ಸಾಮಾನಿನ ಸಂತೆಗಳಲ್ಲಿ ಒಂದು ಊಟದ ದುಡ್ಡಿಗೆ ಸಿಗುತ್ತದೆ. ಮೋಸ ನಡೆಯುವುದು ಈ ಎರಡು ಬೆಲೆಗಳ ನಡುವೆ. ಹಾಗಾಗಿ ಇಲ್ಲಿ ಮೊದಲಿಂದ ಕೊನೆವರೆಗೂ ಒಂದೇ ಲೆಕ್ಕ: ಜಾಕೆಟ್ಟಿಗೆ ಒಂದು ಬೆಲೆ, ಅದನ್ನು ಯಾರು ತೊಟ್ಟಿದ್ದರು ಎಂಬ ಸಾಕ್ಷಿಗೆ ಇನ್ನೊಂದು ಬೆಲೆ. ಸಾಕ್ಷಿ ಇಲ್ಲವಾದರೆ ಜಾಕೆಟ್ಟಿನ ಬೆಲೆ ಮಾತ್ರ ಕೊಡಿ, ಮಾರುವವರು ಎಷ್ಟೇ ಕಥೆ ಹೇಳಲಿ.

ಯಾವುದನ್ನು ಸಂಗ್ರಹಿಸುವುದು

ವಿಮಾನ ಜಾಕೆಟ್ ಎಂದರೆ ಮೂರು ಬಗೆಯವು ಹೆಚ್ಚಾಗಿ ಎದುರಾಗುತ್ತವೆ. ಒಂದು, ಅಮೆರಿಕದ ಭೂಸೇನೆಯ ವಾಯುದಳದ ಎ-2. ಎರಡು, ಅಮೆರಿಕದ ನೌಕಾಪಡೆಯ ಜಿ-1. ಇದು ಆಡಿನ ಚರ್ಮದ್ದು, ಕಾಲರಿಗೆ ಕುರಿಯ ತುಪ್ಪಳ, ಬೆನ್ನಿನಲ್ಲಿ ಕೈ ಚಾಚಲು ಅನುಕೂಲವಾಗುವ ಮಡಿಕೆಗಳು. ಇದರ ಯುದ್ಧಕಾಲದ ಹಿರಿಯಣ್ಣನಿಗೆ ಎಂ-422ಎ ಎಂದು ಹೆಸರು. ಮೂರು, ಬ್ರಿಟನ್ನಿನ ವಾಯುಪಡೆಯಾದ ಆರ್‌ಎಎಫ್ ತೊಡುತ್ತಿದ್ದ ಕುರಿಚರ್ಮದ ಇರ್ವಿನ್. ಲೆಸ್ಲಿ ಇರ್ವಿನ್ ಅವರ ಪ್ಯಾರಾಚೂಟ್ ಕಂಪನಿ ಲೆಚ್‌ವರ್ತ್‌ನಲ್ಲಿ ಇದನ್ನು ಹೊಲಿಯುತ್ತಿತ್ತು.

ಹಿರಿಯ ಅಧಿಕಾರಿಗಳ ಜಾಕೆಟ್ಟೇ ಬೇಕು ಅನ್ನುವವರಿಗೆ ಎ-2 ಸರಿಯಾದ ಆಯ್ಕೆ. ಅದಕ್ಕೆ ಭುಜಪಟ್ಟಿ ಇದೆ. ದರ್ಜೆಯ ಗುರುತನ್ನು ಅಲ್ಲಿ ಹೊಲಿಯುತ್ತಿದ್ದರು, ಚುಚ್ಚುತ್ತಿದ್ದರು, ಬಡ್ತಿ ಬಂದಾಗ ಕಿತ್ತು ಬದಲಿಸುತ್ತಿದ್ದರು. ಅಷ್ಟೂ ಚರ್ಮದಲ್ಲಿ ಗುರುತು ಉಳಿಸುತ್ತದೆ. ಇರ್ವಿನ್ನಿಗೆ ಭುಜಪಟ್ಟಿಯೇ ಇಲ್ಲ. ಏರ್ ಕಮೋಡೋರ್ ತೊಟ್ಟದ್ದೂ ಹೊಸ ಸಾರ್ಜೆಂಟ್ ತೊಟ್ಟದ್ದೂ ನೋಡುವುದಕ್ಕೆ ಒಂದೇ. ಮುಂದಿನ ಮಾತೆಲ್ಲ ಎ-2 ಕುರಿತು.

ಮೊದಲು ಬರೀ ಜಾಕೆಟ್ಟನ್ನು ಓದಿ

ನಕ್ಷತ್ರ, ಹೆಸರು, ಬೆನ್ನಿನ ಚಿತ್ರ ಎಲ್ಲವನ್ನೂ ಕಣ್ಣಿಂದ ಅಳಿಸಿ ನೋಡಿ. ಉಳಿದ ಜಾಕೆಟ್ ಅಸಲಿಯೇ?

ಎ-2 ಅಧಿಕೃತವಾಗಿ ಬಂದದ್ದು 1931ರಲ್ಲಿ. ಅದಕ್ಕೆ ಮುಂಚಿನ ಎ-1ಕ್ಕೆ ಗುಂಡಿಗಳಿದ್ದವು, ಕಾಲರ್ ಹೆಣೆದ ಉಣ್ಣೆಯದು. ಎ-2ಗೆ ಚರ್ಮದ ಕಾಲರ್, ಎದುರಿಗೆ ಜಿಪ್, ಜಿಪ್ಪಿನ ಹಿಂದೆ ಗಾಳಿ ತಡೆಯುವ ಚರ್ಮದ ಪಟ್ಟಿ. ಕಾಲರಿನ ಎರಡು ತುದಿಗಳನ್ನು ಅಡಗಿದ ಟಿಚ್ ಬಟನ್ ಹಿಡಿದಿಡುತ್ತದೆ. ಕತ್ತಿನ ಬಳಿ ಒಂದು ಹುಕ್ಕು ಮತ್ತು ಕಣ್ಣು. ಎದುರಿನ ಎರಡು ಜೇಬುಗಳಿಗೆ ಮುಚ್ಚಳ, ಅದಕ್ಕೂ ಅಡಗಿದ ಟಿಚ್ ಬಟನ್. ಕೈ ಬೆಚ್ಚಗಿಡಲು ಪಕ್ಕದಿಂದ ತೂರಿಸುವ ಜೇಬು ಇಲ್ಲವೇ ಇಲ್ಲ. ಬೆನ್ನು ಒಂದೇ ತುಂಡು ಚರ್ಮ. ನಡು ಬೆನ್ನಿನಲ್ಲಿ ಮೇಲಿಂದ ಕೆಳಗೆ ಹೊಲಿಗೆ ಕಂಡರೆ, ಪಕ್ಕದ ಜೇಬು ಕಂಡರೆ, ಅದು ಯುದ್ಧಕಾಲದ್ದಲ್ಲ. ಅಲ್ಲಿಗೇ ನಿಲ್ಲಿಸಿ.

ಚರ್ಮ ಹೆಚ್ಚಾಗಿ ಕುದುರೆಯದು. ನಯವಾದ, ಬಿಗಿಯಾದ ಮೈ, ಮಡಿಕೆ ಬೀಳುವಲ್ಲಿ ಸಣ್ಣ ಸಣ್ಣ ಬಿರುಕು. ಕೆಲವು ಆಡಿನ ಚರ್ಮದವು, ಅವುಗಳ ಮೈ ಕಾಳುಕಾಳಾಗಿರುತ್ತದೆ. ಹತ್ತಿಯಂತೆ ಮೆತ್ತಗೆ ಕೈಗೆ ಜಾರುವ ಕುರಿಚರ್ಮ ಸಿಕ್ಕಿದರೆ ಅದು ಈಚಿನ ಮಾಲ್ ಸರಕು. ಮಣಿಕಟ್ಟು ಮತ್ತು ಸೊಂಟಕ್ಕೆ ಹೆಣೆದ ಉಣ್ಣೆ, ಒಳಗೆ ಹತ್ತಿಯ ಅಸ್ತರು.

ಕತ್ತಿನ ಒಳಗಿನ ಲೇಬಲ್ಲನ್ನು ಅವಸರವಿಲ್ಲದೆ ಓದಿ. ಯುದ್ಧಕಾಲದ ಲೇಬಲ್ಲಿನಲ್ಲಿ ಟೈಪ್ ಎ-2 ಎಂಬ ಸಾಲು, 30-1415 ಎಂಬ ನಕ್ಷೆ ಸಂಖ್ಯೆ, ಸೇನೆ ತಯಾರಕರಿಗೆ ಕೊಟ್ಟ ಗುತ್ತಿಗೆಯ ಸಂಖ್ಯೆ, ತಯಾರಕರ ಹೆಸರು ಮತ್ತು ಊರು, ಸ್ವತ್ತು ಭೂಸೇನೆಯದು ಎಂಬ ಮಾತು ಇರುತ್ತವೆ. ಮಿಡ್ಲ್‌ಟೌನಿನ ರಫ್ ವೇರ್, ಬೀಕನ್ನಿನ ಏರೋ ಲೆದರ್, ನ್ಯೂಬರ್ಗ್‌ನ ಪೆರ್ರಿ ಸ್ಪೋರ್ಟ್ಸ್‌ವೇರ್, ಷಿಕಾಗೋದ ಡ್ಯೂಬೋ, ಬಾಸ್ಟನ್ನಿನ ಕೇಬಲ್ ರೇನ್‌ಕೋಟ್: ಇವು ಪದೇ ಪದೇ ಕಾಣುವ ಹೆಸರುಗಳು. ರಫ್ ವೇರ್‌ನ ಡಬ್ಲ್ಯೂ535-ಎಸಿ-27752 ಸಂಖ್ಯೆಯ ಗುತ್ತಿಗೆ ಸಂಗ್ರಾಹಕರ ಬಾಯಲ್ಲಿ ಮನೆಮಾತು. ಲೇಬಲ್ಲಿನಲ್ಲಿ ಅಮೆರಿಕದ ವಾಯುಪಡೆ ಭೂಸೇನೆಯಿಂದ ಬೇರೆಯಾದ ಪಡೆ ಎಂಬಂತೆ ಹೆಸರಿದ್ದರೆ ಅದು 1947ರ ಸೆಪ್ಟೆಂಬರಿಗಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆ ಪಡೆ ಹುಟ್ಟಿದ್ದೇ ಆಗ. 1943ರಲ್ಲಿ ಎ-2 ಖರೀದಿ ನಿಂತು, ಬಟ್ಟೆಯ ಬಿ-10 ಬಂತು. ಮತ್ತೆ 1988ರಲ್ಲಿ ಅಮೆರಿಕದ ವಾಯುಪಡೆ ಆಡಿನ ಚರ್ಮದ ಎ-2ನ್ನು ಹಂಚತೊಡಗಿತು. ಈ ಎರಡನೇ ಸರದಿಯದನ್ನು ಯುದ್ಧಕಾಲದ್ದೆಂದು ಮಾರುವವರು ಈಗಲೂ ಇದ್ದಾರೆ.

ಇನ್ನೊಂದು ಗೊಂದಲ, ಒಳ್ಳೆಯ ಮರುತಯಾರಿಗಳದ್ದು. ಬ್ರಿಟನ್ನಿನ ಈಸ್ಟ್‌ಮನ್, ಜಪಾನಿನ ರಿಯಲ್ ಮೆಕಾಯ್ಸ್ ಮತ್ತು ಬಜ್ ರಿಕ್ಸನ್ಸ್ ಹಳೆಯ ಗುತ್ತಿಗೆಗಳ ಜಾಕೆಟ್ಟುಗಳನ್ನು ಲೇಬಲ್ ಸಮೇತ ಇದ್ದ ಹಾಗೇ ಹೊಲಿಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಏರೋ ಲೆದರ್ ಎಂಬ ಕಂಪನಿಯೇ ಇದೆ, ಅದಕ್ಕೂ ಬೀಕನ್ನಿನ ಹಳೇ ಕಂಪನಿಗೂ ಹೆಸರೊಂದೇ. ಅವರು ಮೋಸಗಾರರಲ್ಲ, ಹೊಸದೆಂದು ಹೇಳಿಯೇ ಮಾರುತ್ತಾರೆ. ಮೂವತ್ತು ವರ್ಷ ತೊಟ್ಟು ಸವೆದ ಮೇಲೆ ಎರಡನೇ, ಮೂರನೇ ಕೈಗೆ ಹೋದಾಗ ಆ ಮಾತು ಮರೆತುಹೋಗಿರುತ್ತದೆ.

ಮೇಜಿನ ಮೇಲೆ ಇಪ್ಪತ್ತು ನಿಮಿಷ

ಬೇಕಾದ ಸಾಮಾನು ಕಡಿಮೆ: 10 ಪಟ್ಟು ಹಿಗ್ಗಿಸುವ ಭೂತಕನ್ನಡಿ, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು, ಕಿರಿದಾದ ಬಿಳಿ ಬೆಳಕಿನ ಟಾರ್ಚು, ದರ್ಜಿಯ ಅಳತೆ ಟೇಪು, ಹತ್ತಿರದಿಂದ ಫೋಟೊ ತೆಗೆಯಬಲ್ಲ ಫೋನು, ನೈಟ್ರೈಲ್ ಕೈಗವಸು. ಹತ್ತಿಯ ಕೈಗವಸು ಬೇಡ. ಅದು ಹರಿದ ಚರ್ಮದ ಅಂಚಿಗೆ ಸಿಕ್ಕಿಕೊಂಡು ಸಿಪ್ಪೆ ಎಬ್ಬಿಸುತ್ತದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜಾಕೆಟ್ ಮಲಗಿಸಿ. ಮೊದಲು ವಾಸನೆ. ಹಳೆಯ ಚರ್ಮ, ಬೆವರು, ಗೋದಾಮಿನ ಮುಗ್ಗು, ಇವೆಲ್ಲ ಸರಿ. ಬಣ್ಣದ, ಶೂ ಪಾಲಿಶಿನ ಘಾಟು ಇದ್ದರೆ ಯಾರೋ ಈಚೆಗೆ ಕೈಯಾಡಿಸಿದ್ದಾರೆ. ಬಣ್ಣ ಹಾಕಿದ್ದಾರೋ ನೋಡಲು ಹೊಲಿಗೆಯ ದಾರ ನೋಡಿ. ಚರ್ಮಕ್ಕೆ ಹಚ್ಚಿದ ಬಣ್ಣ ದಾರಕ್ಕೂ ಲೇಬಲ್ ಅಂಚಿಗೂ ಹತ್ತದೆ ಬಿಡುವುದಿಲ್ಲ.

ಆಮೇಲೆ ಕೋಣೆ ಕತ್ತಲು ಮಾಡಿ ಅತಿನೇರಳೆ ಬೆಳಕು ಬಿಡಿ. ಯುದ್ಧಕಾಲದ ಹತ್ತಿಯ ದಾರ ಮಂದವಾಗಿರುತ್ತದೆ. ಈಚಿನ ದಾರಗಳಲ್ಲಿ ಬೆಳ್ಳಗೆ ಕಾಣಿಸಲು ಬೆರೆಸುವ ರಾಸಾಯನಿಕ ಇರುವುದರಿಂದ ನೀಲಿಬಿಳುಪಾಗಿ ಹೊಳೆಯುತ್ತವೆ. ಇಲ್ಲಿ ಎಡವುವವರು ಬಹಳ: ಈಗಿನ ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇರುತ್ತದೆ. ಒಮ್ಮೆ ಅಸ್ತರು ತೊಳೆದಿದ್ದರೂ ಹಳೆಯ ದಾರ ಹೊಳೆದೀತು. ಹೊಳೆದ ಕೂಡಲೇ ನಕಲಿ ಎನ್ನಬೇಡಿ. ಇಡೀ ಜಾಕೆಟ್ಟಿನ ದಾರ ಮಂದವಾಗಿದ್ದು, ನಕ್ಷತ್ರವನ್ನೋ ಹೆಸರುಪಟ್ಟಿಯನ್ನೋ ಹಿಡಿದ ದಾರ ಮಾತ್ರ ಹೊಳೆದರೆ, ಆಗ ಮಾತು ಬೇರೆ. ಮಾರುವವರು ಒಪ್ಪಿದರೆ, ಈಗಾಗಲೇ ಬಿಡಿಯಾಗಿ ನೇತಾಡುವ ದಾರದ 5 ಮಿಲಿಮೀಟರ್ ತುದಿಯನ್ನು ಕತ್ತರಿಸಿ, ಜಾಕೆಟ್ಟಿನಿಂದ ದೂರ ಹೋಗಿ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಜಿಪ್ ಹೆಚ್ಚಾಗಿ ಟ್ಯಾಲನ್, ಕೆಲವಲ್ಲಿ ಕಾನ್ಮಾರ್ ಅಥವಾ ಕ್ರೌನ್. ವೈಕೆಕೆ ಎಂದಿದ್ದರೆ ಜಿಪ್ ಬದಲಾಗಿದೆ, ಇಲ್ಲವೇ ಜಾಕೆಟ್ಟೇ ಹೊಸದು. ಬದಲಾದ ಜಿಪ್ ದೊಡ್ಡ ಅಪರಾಧವಲ್ಲ. ಬಳಸಿದ ಜಾಕೆಟ್ಟಿನಲ್ಲಿ ಜಿಪ್ಪೂ ಮಣಿಕಟ್ಟಿನ ಹೆಣಿಗೆಯೂ ಮೊದಲು ಹೋಗುವ ಭಾಗಗಳು. ಆದರೆ ಬೆಲೆಯಲ್ಲಿ ಇಳಿಸಿಕೊಳ್ಳಿ. ಲೇಬಲ್ಲಿನ ಸುತ್ತ ಎರಡು ಸಾಲು ಸೂಜಿ ತೂತುಗಳಿದ್ದರೆ ಆ ಲೇಬಲ್ ಬೇರೆ ಜಾಕೆಟ್ಟಿನಿಂದ ಬಂದಿರಬಹುದು. ಸಡಿಲವಾದ ಮೂಲೆಯ ಕೆಳಗೆ ಅಸ್ತರಿನ ಬಣ್ಣ ನೋಡಿ: ಎಂಬತ್ತು ವರ್ಷ ಮುಚ್ಚಿದ್ದ ಜಾಗ ಸುತ್ತಲಿಗಿಂತ ಗಾಢವಾಗಿರಲೇಬೇಕು.

ಕೊನೆಗೆ ಅಳತೆ. ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ತೋಳಿನ ಉದ್ದ, ಬೆನ್ನಿನ ಉದ್ದ. 40ರ ಅಳತೆಯದು ಕಂಕುಳಲ್ಲಿ ಸಾಮಾನ್ಯವಾಗಿ 21ರಿಂದ 22 ಇಂಚು ಬರುತ್ತದೆ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಯಾವ ಜನರಲ್ಲರದು ಎನ್ನುತ್ತಾರೋ ಅವರ ಮೈಕಟ್ಟಿಗೆ ಇದು ಹೊಂದಬೇಕು. ದಪ್ಪ ಮೈಯ ಐವತ್ತರ ಆಸುಪಾಸಿನ ಅಧಿಕಾರಿಗೆ 36ರ ಜಾಕೆಟ್ ಹತ್ತುವುದಿಲ್ಲ.

ಭುಜಪಟ್ಟಿ: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಅಮೆರಿಕದ ಸೇನೆಯ ದರ್ಜೆಯ ಗುರುತುಗಳು ತಲೆಯಲ್ಲಿರಲಿ. ಕ್ಯಾಪ್ಟನ್ನಿಗೆ ಎರಡು ಬೆಳ್ಳಿ ಪಟ್ಟಿ. ಮೇಜರ್‌ಗೆ ಚಿನ್ನದ ಬಣ್ಣದ ಓಕ್ ಎಲೆ, ಲೆಫ್ಟಿನೆಂಟ್ ಕರ್ನಲ್‌ಗೆ ಅದೇ ಎಲೆ ಬೆಳ್ಳಿಯಲ್ಲಿ. ಕರ್ನಲ್‌ಗೆ ರೆಕ್ಕೆ ಚಾಚಿದ ಹದ್ದು. ಬ್ರಿಗೇಡಿಯರ್ ಜನರಲ್‌ಗೆ ಒಂದು ನಕ್ಷತ್ರ, ಮೇಜರ್ ಜನರಲ್‌ಗೆ ಎರಡು, ಲೆಫ್ಟಿನೆಂಟ್ ಜನರಲ್‌ಗೆ ಮೂರು, ಜನರಲ್‌ಗೆ ನಾಲ್ಕು.

ಕಿರಿದಾದ ಟಾರ್ಚನ್ನು ಭುಜಪಟ್ಟಿಯ ಮಟ್ಟಕ್ಕೆ ಇಳಿಸಿ, ಬೆಳಕು ಚರ್ಮವನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬಿಡಿ. ಮೇಲಿಂದ ನೋಡಿದಾಗ ಬರೀ ಕಂದು ಚರ್ಮವಾಗಿದ್ದದ್ದು ಈಗ ಗುಡ್ಡ ಕಣಿವೆಗಳ ನಾಡಾಗುತ್ತದೆ. ನಕ್ಷತ್ರದ ಪಕ್ಕದಲ್ಲಿ ಎಲೆಯ ಆಕಾರದ ತೆಳು ತಗ್ಗು, ಅದರ ಅಂಚಿನಲ್ಲಿ ಎರಡು ತೂತು. ಎಲೆ ಮುಚ್ಚಿದ್ದಲ್ಲಿ ಬಿಸಿಲು ಬೀಳದೆ ಚರ್ಮ ಗಾಢವಾಗಿಯೇ ಉಳಿದಿದೆ. ಇದು ಹಿಂದಿನ ದರ್ಜೆಯ ನೆರಳು. ನಿಜವಾಗಿ ಬಡ್ತಿ ಪಡೆಯುತ್ತ ಹೋದ ಅಧಿಕಾರಿಯ ಭುಜದಲ್ಲಿ ಇಂಥ ನೆರಳುಗಳು ಒಂದರ ಮೇಲೊಂದು ಇರುತ್ತವೆ.

ಈಗ ಭೂತಕನ್ನಡಿ ಹಿಡಿದು ಸೂಜಿ ತೂತು ನೋಡಿ. ಹಳೆಯ ತೂತಿನ ಬಾಯಿ ದುಂಡಗಾಗಿರುತ್ತದೆ, ಒಳಗೆ ಕೊಳೆ ಕೂತು ಕಪ್ಪಾಗಿರುತ್ತದೆ. ದಾರ ಎಳೆದ ದಿಕ್ಕಿಗೆ ಚರ್ಮ ಸ್ವಲ್ಪ ಜಗ್ಗಿ, ಹೊಲಿಗೆಯ ಕೆಳಗೆ ಸಣ್ಣ ಕಾಲುವೆ ಬಿದ್ದಿರುತ್ತದೆ. ನಿನ್ನೆ ಮೊನ್ನೆ ಚುಚ್ಚಿದ ತೂತಿನಲ್ಲಿ ಚರ್ಮದ ಒಳಗಿನ ತಿಳಿಬಣ್ಣದ ನಾರು ಕಾಣುತ್ತದೆ, ಬಾಯಿ ಚೂಪಾಗಿರುತ್ತದೆ, ಕಾಲುವೆ ಇರುವುದಿಲ್ಲ. ಹಳೆಯ ಚರ್ಮದ ಬಿರುಕು ನಕ್ಷತ್ರದ ಅಡಿಯಲ್ಲಿ ಹಾದುಹೋಗಿದ್ದರೂ ಅನುಮಾನಿಸಿ. ಸವೆದು ಬಿರಿದಾದ ಮೇಲೆ ಯಾರೋ ನಕ್ಷತ್ರ ಹೊಲಿದಿದ್ದಾರೆ ಎನ್ನುವುದಕ್ಕೆ ಅದು ಸಾಕ್ಷಿ. ನಕ್ಷತ್ರದ ಅಡಿಯ ಚರ್ಮ ಸುತ್ತಲಿನಷ್ಟೇ ಮಾಸಿದ್ದರೂ ಅದೇ ಅರ್ಥ.

ಎರಡೂ ಭುಜ ನೋಡಲು ಮರೆಯಬೇಡಿ. ಕೈಚಳಕ ಮಾಡುವವರು ಎಡಭುಜಕ್ಕೆ ಶ್ರಮ ಹಾಕಿ, ಬಲಕ್ಕೆ ಬರುವಷ್ಟರಲ್ಲಿ ಬೇಸತ್ತಿರುತ್ತಾರೆ.

ನೆರಳು ಮತ್ತು ತಾರೀಖು ಹೊಂದಬೇಕು

ಭುಜಪಟ್ಟಿ ಹೇಳುವ ಕಥೆಯನ್ನು ಆ ಅಧಿಕಾರಿಯ ಬಡ್ತಿಯ ತಾರೀಖುಗಳ ಪಕ್ಕ ಇಟ್ಟು ನೋಡಿ. ಜನರಲ್‌ಗಳ ಜೀವನ ವಿವರ, ಬಡ್ತಿಯ ದಿನಾಂಕ ಅಮೆರಿಕದ ವಾಯುಪಡೆಯ ಅಧಿಕೃತ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ನಿಮಿಷದ ಈ ಕೆಲಸ ಎಷ್ಟೋ ದೊಡ್ಡ ನಷ್ಟ ತಪ್ಪಿಸುತ್ತದೆ.

ಅಮೆರಿಕದ ವಾಯುದಳದ ಅಧಿಕಾರಿ ಜಿಮ್ಮಿ ಡೂಲಿಟಲ್ ಅವರನ್ನೇ ತೆಗೆದುಕೊಳ್ಳಿ. 1942ರ ಏಪ್ರಿಲ್ 18ರಂದು ಟೋಕಿಯೋ ಮೇಲೆ ದಾಳಿ ನಡೆಸಿದಾಗ ಅವರು ಲೆಫ್ಟಿನೆಂಟ್ ಕರ್ನಲ್. ಅದಾದ ಮೇಲೆ ಕರ್ನಲ್ ದರ್ಜೆಯನ್ನೇ ಹಾರಿಸಿ ಅವರನ್ನು ನೇರ ಬ್ರಿಗೇಡಿಯರ್ ಜನರಲ್ ಮಾಡಿದರು. ಹಾಗಿದ್ದ ಮೇಲೆ ಡೂಲಿಟಲ್ ಅವರದು ಎನ್ನುವ ಜಾಕೆಟ್ಟಿನಲ್ಲಿ ಓಕ್ ಎಲೆಯ ನೆರಳಿನ ಮೇಲೆ ನಕ್ಷತ್ರ ಇರಬಹುದು, ಹದ್ದಿನ ನೆರಳು ಇರಬಾರದು. ಅವರು ನಾಲ್ಕು ನಕ್ಷತ್ರ ಪಡೆದದ್ದು 1985ರಲ್ಲಿ, ನಿವೃತ್ತರ ಪಟ್ಟಿಯಲ್ಲಿದ್ದಾಗ. ಯುದ್ಧಕಾಲದ ನಾಲ್ಕು ನಕ್ಷತ್ರದ ಡೂಲಿಟಲ್ ಜಾಕೆಟ್ ಎಂಬುದೇ ಇಲ್ಲ.

ಚೀನಾದಲ್ಲಿ ಫ್ಲೈಯಿಂಗ್ ಟೈಗರ್ಸ್ ಎಂಬ ಅಮೆರಿಕನ್ ಸ್ವಯಂಸೇವಕರ ವಿಮಾನದಳ ಕಟ್ಟಿದ ಕ್ಲೇರ್ ಶೆನಾಲ್ಟ್ 1942ರ ಏಪ್ರಿಲಿನಲ್ಲಿ ಬ್ರಿಗೇಡಿಯರ್ ಜನರಲ್, 1943ರಲ್ಲಿ ಮೇಜರ್ ಜನರಲ್. ಮೂರನೇ ನಕ್ಷತ್ರ ಗೌರವಾರ್ಥವಾಗಿ ಸಿಕ್ಕಿದ್ದು 1958ರ ಜುಲೈನಲ್ಲಿ, ತೀರಿಕೊಳ್ಳುವ ಒಂಬತ್ತು ದಿನ ಮೊದಲು. ಯುದ್ಧಕಾಲದಲ್ಲಿ ಚೀನಾದ ಕುನ್ಮಿಂಗಿನಲ್ಲಿ ತೊಟ್ಟದ್ದು ಎನ್ನುವ ಮೂರು ನಕ್ಷತ್ರದ ಶೆನಾಲ್ಟ್ ಜಾಕೆಟ್ ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಹಾಗೆಯೇ ಐದು ನಕ್ಷತ್ರದ ದರ್ಜೆಗೆ ಕಾನೂನಾದದ್ದು 1944ರ ಡಿಸೆಂಬರ್ 14ರಂದು. ಅದಕ್ಕೆ ಮುಂಚಿನದೆಂದು ಹೇಳುವ ಯಾವ ಐದು ನಕ್ಷತ್ರವೂ ಸುಳ್ಳು.

ಹೆಸರು, ಧೋಬಿ ಗುರುತು, ಕಡತ

ಎಡ ಎದೆಯ ಮೇಲಿನ ಚರ್ಮದ ಹೆಸರುಪಟ್ಟಿ ಒಳ್ಳೆಯ ಸಾಕ್ಷಿಯೇ, ಆದರೆ ಅದನ್ನು ಯಾರು ಬೇಕಾದರೂ ಒತ್ತಿಸಬಹುದು. ಅದಕ್ಕಿಂತ ಅಸ್ತರಿನ ಮೇಲೆ, ಲೇಬಲ್ಲಿನ ಅಂಚಿನಲ್ಲಿ, ಜೇಬಿನ ಒಳಗೆ ಮಸಿಯಲ್ಲಿ ಬರೆದ ಗುರುತಿಗೆ ತೂಕ ಹೆಚ್ಚು. ನಮ್ಮ ಧೋಬಿಗಳು ಬಟ್ಟೆಗೆ ಹಾಕುತ್ತಿದ್ದ ಗುರುತಿನಂಥದೇ ಒಂದು ಪದ್ಧತಿ ಅಮೆರಿಕದ ಸೇನೆಯಲ್ಲಿತ್ತು: ಮನೆತನದ ಹೆಸರಿನ ಮೊದಲ ಅಕ್ಷರ, ಜೊತೆಗೆ ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಜನರಲ್ ಐಸೆನ್‌ಹೋವರ್ ಅವರ ಸೇವಾ ಸಂಖ್ಯೆ ಓ-3822. ಈ ಪದ್ಧತಿಯಂತೆ ಅವರ ಗುರುತು ಇ-3822 ಆಗುತ್ತದೆ. ಸಂಖ್ಯೆಯ ಮುಂದಿನ ಓ ಅಕ್ಷರ ಅಧಿಕಾರಿ ಎಂಬುದರ ಸೂಚನೆ. ಯುದ್ಧಕ್ಕೆ ಬಹಳ ಮುಂಚೆ ಸೇರಿದ ಕಾಯಂ ಅಧಿಕಾರಿಗಳ ಸಂಖ್ಯೆ ಚಿಕ್ಕದು. ಮುಂದೆ ಜನರಲ್ ಆದವರಲ್ಲಿ ಬಹುಪಾಲು ಅಂಥವರೇ.

ಮಸಿಯ ಗುರುತು ಅತಿನೇರಳೆ ಬೆಳಕಿನಲ್ಲಿ ಕೆಲವೊಮ್ಮೆ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ಅರ್ಧ ಅಳಿಸಿದ್ದನ್ನು ಊಹಿಸಿ ತುಂಬಬೇಡಿ. ಇಂಥವರದೇ ಇರಬೇಕು ಎಂಬ ಆಸೆ ಹುಟ್ಟಿದ ಮೇಲೆ 3 ಎಂಬುದು 8 ಆಗಿ ಕಾಣಲು ಶುರುವಾಗುತ್ತದೆ.

ಸೇವಾ ಕಡತಗಳು ಸೇಂಟ್ ಲೂಯಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿವೆ. ಸೇವೆ ಬಿಟ್ಟು 62 ವರ್ಷ ಕಳೆದವರ ಕಡತ ಸಾರ್ವಜನಿಕ. ಶುಲ್ಕ ಕಟ್ಟಿ ಯಾರಾದರೂ ಪ್ರತಿ ಕೇಳಬಹುದು. ಆದರೆ 1973ರ ಜುಲೈ 12ರಂದು ಅಲ್ಲಿ ಬೆಂಕಿ ಬಿದ್ದು, 1912ರ ನವೆಂಬರಿನಿಂದ 1960ರ ಆರಂಭದವರೆಗೆ ಸೇವೆ ಬಿಟ್ಟ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80 ಸುಟ್ಟುಹೋದವು. ಕಡತ ಸುಟ್ಟುಹೋಗಿದೆ ಎಂಬ ಉತ್ತರ ಮಾರುವವರಿಗೆ ದೊಡ್ಡ ಅನುಕೂಲ, ಎಲ್ಲಕ್ಕೂ ಅದನ್ನೇ ನೆಪ ಮಾಡುತ್ತಾರೆ. ಅಷ್ಟಕ್ಕೆ ಕೈಬಿಡಬೇಡಿ. ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಯಲ್ಲಿ ದಳಗಳ ತಿಂಗಳ ವರದಿ, ಆದೇಶ ಪ್ರತಿಗಳಿವೆ. ಆ ಅಧಿಕಾರಿ ಆ ತಿಂಗಳು ಆ ನೆಲೆಯಲ್ಲಿದ್ದರೇ ಎಂಬುದಕ್ಕೆ ಅಲ್ಲಿ ಉತ್ತರ ಸಿಗಬಹುದು.

ಕುಟುಂಬದವರು ಕೊಡುವ ಪತ್ರ ಬೆಲೆಯುಳ್ಳದ್ದು, ಅದರಲ್ಲಿ ವಿವರ ಇದ್ದರೆ. ಇದು ನಮ್ಮ ತಾತನದು ಎಂಬ ಒಂದು ಸಾಲಿನ ಪತ್ರ ಸಾಲದು. ಜಾಕೆಟ್ಟಿನ ಗುತ್ತಿಗೆ ಸಂಖ್ಯೆ, ಅಳತೆ, ಕಲೆ ಅಥವಾ ಹರಿದ ಜಾಗದ ವಿವರ, ಯಾರಿಂದ ಯಾರ ಕೈಗೆ ಯಾವ ವರ್ಷ ಬಂತು ಎಂಬುದು, ಸಹಿ, ತಾರೀಖು ಇರಬೇಕು. ಪತ್ರ ಒಂದು ಜಾಕೆಟ್ಟಿಗೆ ಬರೆದದ್ದು, ಜೊತೆಗೆ ಬರುವ ಜಾಕೆಟ್ ಇನ್ನೊಂದು, ಹೀಗೂ ಆಗುತ್ತದೆ.

ಭಾರತದ ಕೈಗೆಲಸ

ಇಲ್ಲಿ ನಮ್ಮವರಿಗೆ ನಿಜವಾದ ಅನುಕೂಲವಿದೆ. ಎರಡನೇ ಮಹಾಯುದ್ಧದ ಚೀನಾ-ಬರ್ಮಾ-ಭಾರತ ಯುದ್ಧರಂಗದ ಅಮೆರಿಕನ್ನರು ಭುಜದ ಬಿಲ್ಲೆ, ದಳದ ಲಾಂಛನ, ದರ್ಜೆಯ ಗುರುತುಗಳನ್ನು ಭಾರತದ ಬಜಾರುಗಳಲ್ಲೇ ಮಾಡಿಸಿಕೊಳ್ಳುತ್ತಿದ್ದರು. ಚರ್ಮದ ತುಂಡು ಕತ್ತರಿಸಿ ಜೋಡಿಸಿದವು, ಬಣ್ಣದಲ್ಲಿ ಬರೆದವು, ಲೋಹದ ತಂತಿಯ ಜರ್ದೋಸಿ ಕಸೂತಿಯವು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯನ್ನೇ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ವಶಕ್ಕೆ ಕೊಡಲಾಗಿತ್ತು. 84ನೇ ಏರ್ ಡಿಪೋ ಅಲ್ಲಿ ವಿಮಾನಗಳ ರಿಪೇರಿ ನಡೆಸುತ್ತಿತ್ತು.

ಜರಿ ಕೆಲಸ ನೋಡಿ ಬೆಳೆದವರ ಕಣ್ಣಿಗೆ ಇಂಥ ಬಿಲ್ಲೆಯ ಅಸಲಿ ನಕಲಿ ಬೇಗ ತಿಳಿಯುತ್ತದೆ. ಹಳೆಯದು ಲೋಹದ ತೆಳು ತಂತಿಯ ಸುರುಳಿ. ಎಂಬತ್ತು ವರ್ಷದಲ್ಲಿ ಕಪ್ಪಾಗಿರುತ್ತದೆ, ಸುರುಳಿ ಬಿಚ್ಚಿಕೊಂಡಲ್ಲಿ ಒಳಗಿನ ದಾರ ಇಣುಕುತ್ತದೆ. ಪ್ಲಾಸ್ಟಿಕ್ ಜರಿ ಭೂತಕನ್ನಡಿಯಲ್ಲಿ ಚಪ್ಪಟೆ ರಿಬ್ಬನ್ನಿನಂತೆ ಕಾಣುತ್ತದೆ, ಕಪ್ಪಾಗುವುದೇ ಇಲ್ಲ. ಹೊಸ ಜರಿಯನ್ನು ರಾಸಾಯನಿಕ ಹಾಕಿ ಕಪ್ಪು ಮಾಡಿದ್ದರೆ ಕಸೂತಿಯ ಹಳ್ಳ ತಿಟ್ಟೆಲ್ಲ ಒಂದೇ ಕಪ್ಪು. ತಾನಾಗಿ ಕಪ್ಪಾದದ್ದರಲ್ಲಿ ಉಜ್ಜಿಕೊಂಡ ಉಬ್ಬು ಭಾಗ ಸ್ವಲ್ಪ ಬೆಳ್ಳಗಿರುತ್ತದೆ.

ಬೆನ್ನಿನ ಮೇಲೋ ಅಸ್ತರಿನಲ್ಲೋ ಹೊಲಿದ ಪ್ರಾಣರಕ್ಷೆಯ ಚೀಟಿಗಳೂ ಈ ರಂಗದ ವಿಶೇಷ. ಚೀನಾದ ಧ್ವಜ, ಅದರ ಕೆಳಗೆ, ಈ ವಿದೇಶಿ ಚೀನಾದ ಪರ ಯುದ್ಧಕ್ಕೆ ಬಂದವನು, ಸೈನಿಕರೂ ಜನರೂ ಇವನನ್ನು ಕಾಪಾಡಿ ಎಂಬರ್ಥದ ಚೀನೀ ಬರಹ. ಧ್ವಜದ ಬಿಳಿ ಸೂರ್ಯನ ಕಿರಣ ಎಣಿಸಿ, 12 ಇರಬೇಕು. ಇದರಷ್ಟು ನಕಲಿಯಾದ ವಸ್ತು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಚೀಟಿಗೆಂದು ಹೆಚ್ಚು ದುಡ್ಡು ಕೊಡದಿರುವುದೇ ಜಾಣತನ.

ಫೋಟೊ ಹೊಂದಿಸುವುದು

ಆ ಅಧಿಕಾರಿ ಇದೇ ಜಾಕೆಟ್ ತೊಟ್ಟ ಫೋಟೊ ಸಿಕ್ಕಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಇಂಥದೇ ಜಾಕೆಟ್ ಅಲ್ಲ, ಇದೇ ಜಾಕೆಟ್. ಸಾಲದ ಹೊಂದಿಕೆಗಳು: ಬಣ್ಣ, ನಕ್ಷತ್ರದ ಸಂಖ್ಯೆ, ಹೆಸರುಪಟ್ಟಿ. ಹಿಡಿಯಬೇಕಾದ ಹೊಂದಿಕೆಗಳು: ಜೇಬಿನ ಮುಚ್ಚಳದ ಅಂಚಿನ ಬಾಗು, ಎಡ ಬಲ ಜೇಬುಗಳ ಎತ್ತರದಲ್ಲಿನ ವ್ಯತ್ಯಾಸ, ಹೊಲಿಗೆ ಸೊಟ್ಟಗಾದ ಜಾಗ, ಚರ್ಮದ ಗಾಯದ ಗುರುತು. ಗುತ್ತಿಗೆಯಿಂದ ಗುತ್ತಿಗೆಗೆ ಕಾಲರಿನ ಆಕಾರವೂ ಜೇಬಿನ ಮುಚ್ಚಳವೂ ಬೇರೆ. ಫೋಟೊದಲ್ಲಿ ಮೊನಚು ಕಾಲರ್, ಕೈಯಲ್ಲಿ ದುಂಡು ಕಾಲರ್ ಇದ್ದರೆ ಅಲ್ಲಿಗೆ ಮುಗಿಯಿತು. ಕುದುರೆಯ ಮೈಮೇಲಿನ ಗೀರು ಚರ್ಮ ಹದಮಾಡಿದ ಮೇಲೂ ಉಳಿಯುತ್ತದೆ. ಅಂಥ ಮೂರು ಗುರುತು ಹೊಂದಿದರೆ ನಂಬಬಹುದು. ಒಂದು ಹೊಂದಿದರೆ ಆಸೆ ಇಟ್ಟುಕೊಳ್ಳಬಹುದು, ಅಷ್ಟೇ.

ಒಂದು ತೊಡಕು: ಅಧಿಕಾರಿಗಳ ಹತ್ತಿರ ಒಂದಕ್ಕಿಂತ ಹೆಚ್ಚು ಜಾಕೆಟ್ ಇರುತ್ತಿದ್ದವು. ಫೋಟೊ ಹೊಂದದಿದ್ದ ಮಾತ್ರಕ್ಕೆ ಅವರದಲ್ಲ ಎಂದಾಗದು. ಸಾಕ್ಷಿ ಸಿಗಲಿಲ್ಲ ಎಂದಷ್ಟೇ.

ಬೆಲೆ, ರಸೀದಿ, ಕಸ್ಟಮ್ಸ್

ಮೊದಲು, ಯಾವ ಗುರುತೂ ಇಲ್ಲದ ಅದೇ ತಯಾರಕರ, ಅದೇ ಸ್ಥಿತಿಯ ಎ-2 ಈಚಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಯಿತೋ ನೋಡಿ. ಮಾರುವವರು ಕೇಳುವ ಬೆಲೆ ಅಲ್ಲ, ಹರಾಜಿನಲ್ಲಿ ಕೂಗಿ ಮುಗಿದ ಬೆಲೆ. ಅದು ತಳ. ಅದರ ಮೇಲೆ ಒಂದೊಂದು ಸಾಕ್ಷಿಗೂ ಎಷ್ಟು ಕೊಡಬಲ್ಲಿರಿ ಎಂದು ಬರೆದು, ಆ ಚೀಟಿಯನ್ನು ಎದುರಿಟ್ಟುಕೊಂಡೇ ಕೂಗಿ. ಹರಾಜು ಸಂಸ್ಥೆಯ ಕಮಿಷನ್, ಸಾಗಣೆ, ವಿಮೆ, ತೆರಿಗೆ ಸೇರಿಸಿ ಲೆಕ್ಕ ಹಾಕಿ.

ರಸೀದಿಯಲ್ಲಿ ಅಧಿಕಾರಿಯ ಹೆಸರು, ತಯಾರಕರು, ಗುತ್ತಿಗೆ ಸಂಖ್ಯೆ, ಅಳತೆ ಇರಲಿ. ನಕಲಿ ಎಂದು ಸಾಬೀತಾದರೆ ವಾಪಸು ಪಡೆಯುವ ಮಾತು ಬರಹದಲ್ಲಿರಲಿ. ಇಂಥವರದು ಎಂದು ನಂಬಲಾಗಿದೆ ಎಂಬ ಮಾತಿಗೆ ಹರಾಜಿನ ಕ್ಯಾಟಲಾಗಿನಲ್ಲಿ ಬೆಲೆ ಇದೆ, ಜವಾಬ್ದಾರಿ ಇಲ್ಲ.

ಭಾರತಕ್ಕೆ ತರಿಸುವವರಿಗೆ ಇನ್ನೊಂದು ಗಂಟು. ತೊಟ್ಟ ಹಳೇ ಬಟ್ಟೆಯ ಆಮದಿಗೆ ಇಲ್ಲಿ ನಿರ್ಬಂಧವಿದೆ. ಪಾರ್ಸೆಲ್ ಮೇಲೆ ಹಳೇ ಜಾಕೆಟ್ ಎಂದಷ್ಟೇ ಬರೆದು ಕಳಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳಬಹುದು. ಕೊಳ್ಳುವ ಮೊದಲೇ ಕಸ್ಟಮ್ಸ್ ದಲ್ಲಾಳಿಯೊಬ್ಬರನ್ನು ಕೇಳಿ, ಯಾವ ಶೀರ್ಷಿಕೆಯಡಿ ತರಬಹುದು, ಯಾವ ಕಾಗದ ಬೇಕು ಎಂದು ಬರಹದಲ್ಲಿ ಪಡೆಯಿರಿ. ತೆರಿಗೆ ಉಳಿಸಲು ರಸೀದಿಯಲ್ಲಿ ಕಡಿಮೆ ಬೆಲೆ ತೋರಿಸಬೇಡಿ. ದಾರಿಯಲ್ಲಿ ಕಳೆದರೆ ವಿಮೆಯೂ ಅಷ್ಟೇ ಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತಲೆನೋವಿಲ್ಲ. ಅವರು ಹರಾಜಿನ ಹಿಂದಿನ ದಿನವೇ ಹೋಗಿ ಕೈಯಾರೆ ನೋಡಬಹುದು.

ಮನೆಗೆ ಬಂದ ಮೇಲೆ

ನೇರ ಬೀರುವಿಗೆ ಇಡಬೇಡಿ. ಉಣ್ಣೆಯ ಹೆಣಿಗೆಯಲ್ಲಿ ನುಸಿಯ ಮೊಟ್ಟೆ ಇರಬಹುದು. ಜಾಕೆಟ್ಟನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣನೆ ಚರ್ಮದ ಮೇಲೆ ಬೆವರು ಕೂರುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಬೆನ್ನಿನಲ್ಲಿ ಬಣ್ಣದ ಚಿತ್ರ ಇದ್ದರೆ ಫ್ರೀಜರ್ ಬೇಡ. ಬಣ್ಣ ಸಿಪ್ಪೆ ಏಳುತ್ತದೆ. ಅಂಥದನ್ನು ಮುಚ್ಚಿದ ಚೀಲದಲ್ಲಿ ಬೇರೆಯಾಗಿಟ್ಟು ಎರಡು ತಿಂಗಳು ಕಣ್ಣಿಟ್ಟಿರಿ.

ಎಣ್ಣೆ, ಕಂಡೀಷನರ್, ಶೂ ಪಾಲಿಶ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒಣಗಿದ ಚರ್ಮಕ್ಕೆ ಎಣ್ಣೆ ಹಾಕಿದರೆ ಮೊದಲ ವಾರ ಚೆಂದ ಕಾಣುತ್ತದೆ. ಆಮೇಲೆ ಅದು ಹೊಲಿಗೆಯ ದಾರಕ್ಕೆ, ಅಸ್ತರಿಗೆ ಇಳಿದು ಕಲೆಯಾಗುತ್ತದೆ, ಧೂಳು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ನಾವು ಹುಡುಕಿದ ಆ ಸೂಜಿ ತೂತುಗಳ ಸಾಕ್ಷಿಯೂ ಮುಚ್ಚಿಹೋಗುತ್ತದೆ. ಮೆದು ಬ್ರಶ್ಶಿನಿಂದ ಧೂಳು ಒರೆಸುವುದಷ್ಟೇ ಶುಚಿ. ಟಿಚ್ ಬಟನ್ನಿನ ಸುತ್ತ ಹಸಿರು ಕಿಲುಬು ಮೇಣದಂತೆ ಕೂತಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ಒಣ ಹತ್ತಿಯಿಂದ ಒರೆಸಿ. ಹುಣಸೆಹಣ್ಣು, ನಿಂಬೆ ಹತ್ತಿರ ತರಬೇಡಿ.

ನೇತುಹಾಕಲು ಭುಜದಗಲದ, ಹತ್ತಿ ತುಂಬಿ ದಪ್ಪ ಮಾಡಿದ ಹ್ಯಾಂಗರ್ ಬೇಕು. ಕತ್ತಿನ ಒಳಗಿನ ಚರ್ಮದ ಕುಣಿಕೆಯಿಂದ ನೇತುಹಾಕಿದರೆ ಒಂದು ದಿನ ಲೇಬಲ್ ಸಮೇತ ಕಿತ್ತು ಬರುತ್ತದೆ. ಜಿಪ್ ಅರ್ಧ ಏರಿಸಿರಲಿ. ಸಿಕ್ಕಿಕೊಂಡರೆ ಜಗ್ಗಬೇಡಿ, ಮೊದಲು ಹರಿಯುವುದು ಹಳೆಯ ಹತ್ತಿ ಪಟ್ಟಿ. ಮೇಲೆ ತೊಳೆದ ಬಿಳಿ ಪಂಚೆಯ ಹೊದಿಕೆ ಸಾಕು, ಪ್ಲಾಸ್ಟಿಕ್ ಕವರ್ ಬೇಡ.

ನಮ್ಮ ಕಡೆಯ ದೊಡ್ಡ ಶತ್ರು ಮಳೆಗಾಲ. ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಚರ್ಮಕ್ಕೆ ಹಿತ. ಶೇ. 65 ದಾಟಿ ನಿಂತರೆ ಬೂಷ್ಟು. ಬೆಂಗಳೂರಿನಲ್ಲಿ ಹೇಗೋ ನಿಭಾಯಿಸಬಹುದು. ಮಂಗಳೂರು, ಮಡಿಕೇರಿ, ಆಗುಂಬೆಯಲ್ಲಿ ತೇವ ಹೀರುವ ಯಂತ್ರವಿಲ್ಲದೆ ಆಗದು. ಬೀರುವಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಎಸೆದರೆ ಮನಸ್ಸಿಗೆ ಸಮಾಧಾನ, ಜಾಕೆಟ್ಟಿಗೆ ಏನೂ ಇಲ್ಲ. ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಳಗಿಟ್ಟು, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಅಂಕಿ ಬರೆದಿಡಿ. ಬೂಷ್ಟು ಬಂದರೆ ಮಾಸ್ಕ್ ಹಾಕಿಕೊಂಡು ಹೊರಗೆ ನೆರಳಿನಲ್ಲಿ ಒಣ ಬ್ರಶ್ಶಿನಿಂದ ತೆಗೆಯಿರಿ. ಬಿಸಿಲಿಗೆ ಒಡ್ಡಿದರೆ ಚರ್ಮ ಸೆಟೆದು ಬಿರಿಯುತ್ತದೆ.

ಸಂಗ್ರಹ ಸಂಖ್ಯೆಯನ್ನು ಹತ್ತಿಯ ಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆದು, ಅಸ್ತರಿನ ಹೊಲಿಗೆಗೆ ಎರಡೇ ಎಳೆ ಹಾಕಿ ಕಟ್ಟಿ. ಚರ್ಮಕ್ಕೆ ಸೂಜಿ ತಾಗಕೂಡದು. ಕಡತದಲ್ಲಿ ಅಳತೆ, ಲೇಬಲ್ ಮತ್ತು ಜಿಪ್ಪಿನ ಫೋಟೊ, ಎರಡೂ ಭುಜಪಟ್ಟಿಗಳ ಪಕ್ಕಬೆಳಕಿನ ಫೋಟೊ, ಪತ್ರ, ರಸೀದಿ, ಕಸ್ಟಮ್ಸ್ ಕಾಗದ ಇರಲಿ. ನಿಮಗೆ ಬಂದ ಅನುಮಾನಗಳನ್ನೂ ಬರೆದಿಡಿ. ಭುಜಪಟ್ಟಿಯ ಫೋಟೊವನ್ನು ಪ್ರತಿ ವರ್ಷ ದೀಪಾವಳಿಯ ಸುಮಾರಿಗೆ, ಮಳೆ ನಿಂತ ಮೇಲೆ, ಅದೇ ಟಾರ್ಚಿನಿಂದ ಅದೇ ಕೋನದಲ್ಲಿ ಮತ್ತೆ ತೆಗೆಯಿರಿ. ಹೊಸ ಬಿರುಕು ಕಂಡರೆ ಆ ಬೇಸಿಗೆಗೆ ಮುಂಚೆ ಜಾಕೆಟ್ಟನ್ನು ಹ್ಯಾಂಗರಿನಿಂದ ಇಳಿಸಿ, ತೋಳಿನೊಳಗೆ ಆಮ್ಲರಹಿತ ಟಿಶ್ಯೂ ಕಾಗದದ ಉಂಡೆ ತುಂಬಿ, ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿಬಿಡಿ.